ಬೀಗ ಎಲ್ಲರೆದುರು, ಕೀಲಿಕೈ ಇಬ್ಬರಲ್ಲಿ

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಗಣಿತ ಶಿಕ್ಷಕಿ. ಬೆಂಗಳೂರಿನಲ್ಲಿರುವ ಮಗಳು ರೈಲು ನಿಲ್ದಾಣದ ವೈಫೈ ಹಿಡಿದು ಬ್ಯಾಂಕಿನ ವ್ಯವಹಾರ ಮಾಡುತ್ತಾಳೆ. ಗಾಳಿಯಲ್ಲಿ ಹೋಗುವುದನ್ನು ಯಾರು ಬೇಕಾದರೂ ಹಿಡಿಯಬಹುದಲ್ಲ ಎಂದು ಕೇಳಿದರೆ, ‘ಎರಡೂ ಕಡೆ ಒಂದೇ ರಹಸ್ಯ ಕೀಲಿಕೈ ಇರುತ್ತದೆ, ಹೆದರಬೇಡ’ ಎನ್ನುತ್ತಾಳೆ. ಆ ಕೀಲಿಕೈ ಎರಡೂ ಕಡೆಗೆ ಹೋಗಿದ್ದಾದರೂ ಹೇಗೆ? ಅದೂ ಅದೇ ಗಾಳಿಯಲ್ಲೇ ಹೋಗಿರಬೇಕಲ್ಲ? ಹಾಗಿದ್ದರೆ ಕಳ್ಳ ಮೊದಲು ಕೀಲಿಕೈಯನ್ನೇ ಹಿಡಿಯುವುದಿಲ್ಲವೇ?

ಉತ್ತರ: ಮಗಳಿಗೆ ಉತ್ತರ ಹೊಳೆಯಲಿಲ್ಲವೆಂದು ಬೇಸರಿಸಬೇಡಿ. ನೀವು ಕೇಳಿರುವ ಪ್ರಶ್ನೆಗೆ 1976ರವರೆಗೆ ಪ್ರಕಟವಾಗಿ ಒಪ್ಪಿತವಾದ ಉತ್ತರವೇ ಇರಲಿಲ್ಲ. ಸಾವಿರಾರು ವರ್ಷ ರಾಜರು, ಸೇನಾಪತಿಗಳು, ರಾಯಭಾರಿಗಳೆಲ್ಲ ಗೂಢಲಿಪಿ ಬಳಸಿದರು. ಕೀಲಿಕೈಯನ್ನು ಮಾತ್ರ ನಂಬಿಕಸ್ತ ಆಳಿನ ಕೈಯಲ್ಲೇ ಕಳಿಸಿದರು.

ನೀವು ಕೀಲಿಕೈ ಎಂದು ಬರೆದದ್ದು ನೋಡಿ ಸಮಾಧಾನವಾಯಿತು. ತಂತ್ರಜ್ಞಾನದ ಕನ್ನಡ ಬರಹಗಳಲ್ಲಿ ‘ಕೀಲಿ’ ಎಂಬ ಮಾತು ಚಾಲ್ತಿಯಲ್ಲಿದೆ. ನಿಮ್ಮ ಕಡೆ ಕೀಲಿ ಎಂದರೆ ಬೀಗ. ಈ ವಿಷಯದಲ್ಲಿ ಬೀಗ ಮತ್ತು ಕೀಲಿಕೈ ಅದಲುಬದಲಾದರೆ ಬುಡಕ್ಕೇ ಪೆಟ್ಟು. ಬೀಗ ಎಂದರೆ ಸಂದೇಶವನ್ನು ಕಲಸುವ ವಿಧಾನ, ಕೀಲಿಕೈ ಎಂದರೆ ಆ ವಿಧಾನಕ್ಕೆ ಕೊಡುವ ಗುಟ್ಟಿನ ಸಂಖ್ಯೆ. 1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾ ಅಧ್ಯಾಪಕ ಫ್ರೆಂಚ್ ಸೇನಾ ಪತ್ರಿಕೆಯೊಂದರಲ್ಲಿ ಒಂದು ನಿಯಮ ಬರೆದ: ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟೆಲ್ಲ ಕೀಲಿಕೈಯಲ್ಲೇ ಇರಬೇಕು. ಇಂದು ನಿಮ್ಮ ಬ್ಯಾಂಕ್ ಬಳಸುವ ಬೀಗದ ಹೆಸರು ಎಇಎಸ್. ಬೆಲ್ಜಿಯಂನ ಯೋನ್ ದಾಮೆನ್ ಮತ್ತು ವಿನ್ಸೆಂಟ್ ರೈಮನ್ ಅದನ್ನು ರಚಿಸಿದರು. ಬಹಿರಂಗ ಸ್ಪರ್ಧೆಯಲ್ಲಿ ಗೆದ್ದ ಅದು 2001ರಲ್ಲಿ ಅಮೆರಿಕದ ಸರ್ಕಾರಿ ಮಾನದಂಡವಾಯಿತು. ಅದರ ಪ್ರತಿ ಹೆಜ್ಜೆಯೂ ಅಚ್ಚಾಗಿದೆ, ಕಳ್ಳನೂ ಓದಬಹುದು. ಯಾರಾದರೂ ‘ನಮ್ಮ ವಿಧಾನವೇ ರಹಸ್ಯ, ಅದಕ್ಕೇ ಭದ್ರ’ ಎಂದು ಸಾಫ್ಟ್‌ವೇರ್ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿಬಿಡಿ.

ಹಂಚಿಕೊಂಡ ಕೀಲಿಕೈ ಏನು ಮಾಡುತ್ತದೆ ಎಂಬುದನ್ನು ಕಾಗದದ ಮೇಲೇ ನೋಡೋಣ. ನೀವು ಮಗಳಿಗೆ 5000 ಎಂಬ ಸಂಖ್ಯೆಯನ್ನು ಗುಟ್ಟಾಗಿ ತಿಳಿಸಬೇಕು. ಹಿಂದೆ ಭೇಟಿಯಾದಾಗ ಇಬ್ಬರೂ 8317 ಎಂಬ ಕೀಲಿಕೈ ಬರೆದಿಟ್ಟುಕೊಂಡಿದ್ದೀರಿ. ಅಂಕಿಗೆ ಅಂಕಿ ಕೂಡಿಸಿ, ದಶಕ ಬಂದರೆ ಬಿಟ್ಟುಬಿಡಿ: 5 ಮತ್ತು 8 ಕೂಡಿದರೆ 13, ಅದರಲ್ಲಿ 3 ಉಳಿಸಿ. ಉಳಿದವು 3, 1, 7. ನೀವು ಕಳಿಸುವುದು 3317. ಮಗಳು ಅಂಕಿಗೆ ಅಂಕಿ ಕಳೆದು 5000 ಪಡೆಯುತ್ತಾಳೆ. ನಡುವೆ ಕದ್ದು ಓದಿದವನಿಗೆ ಏನು ದಕ್ಕಿತು? ಏನೂ ಇಲ್ಲ. ಕೀಲಿಕೈಯ ಅಂಕಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರೆ, 3317ರ ಹಿಂದೆ 0000ಯಿಂದ 9999ರವರೆಗೆ ಯಾವ ಸಂಖ್ಯೆಯೂ ಇರಬಹುದು, ಎಲ್ಲಕ್ಕೂ ಸಮ ಸಾಧ್ಯತೆ. ಅವನಲ್ಲಿ ಎಂಥ ಕಂಪ್ಯೂಟರ್ ಇದ್ದರೂ ಪ್ರಯೋಜನವಿಲ್ಲ, ಲೆಕ್ಕ ಹಾಕಲು ಏನಾದರೂ ಇದ್ದರೆ ತಾನೆ? ಈ ಬಗೆಯ ಯಂತ್ರವನ್ನು 1917ರಲ್ಲಿ ಅಮೆರಿಕದ ಗಿಲ್ಬರ್ಟ್ ವರ್ನಮ್ ಟೆಲಿಪ್ರಿಂಟರ್‌ಗಾಗಿ ರೂಪಿಸಿದ. ಸರಿಯಾಗಿ ಬಳಸಿದರೆ ಇದನ್ನು ಒಡೆಯಲು ಸಾಧ್ಯವೇ ಇಲ್ಲ ಎಂಬ, ಗಣಿತಜ್ಞ ಕ್ಲಾಡ್ ಶಾನನ್‌ನ ಪುರಾವೆ 1949ರಲ್ಲಿ ಪ್ರಕಟವಾಯಿತು.

‘ಸರಿಯಾಗಿ ಬಳಸಿದರೆ’ ಎಂಬಲ್ಲೇ ಎಲ್ಲರೂ ಜಾರುವುದು. ನಾಳೆ 7250 ಕಳಿಸಬೇಕು, ಹೊಸ ಕೀಲಿಕೈ ಇಲ್ಲ, ಹಳೆಯ 8317ನ್ನೇ ಬಳಸಿದಿರಿ ಎನ್ನಿ. ಕಳಿಸಿದ್ದು 5567. ಕಳ್ಳ ಎರಡೂ ದಿನದ ಚೀಟಿ ಇಟ್ಟುಕೊಂಡು ಅಂಕಿಗೆ ಅಂಕಿ ಕಳೆಯುತ್ತಾನೆ: 5567ರಲ್ಲಿ 3317 ಹೋದರೆ 2250. ಅದು 7250 ಮತ್ತು 5000ದ ವ್ಯತ್ಯಾಸವೇ. ಕೀಲಿಕೈ ಎರಡರಲ್ಲೂ ಒಂದೇ ಆದ್ದರಿಂದ ಕಳೆಯುವಾಗ ತಾನೇ ಹೊಡೆದುಹೋಯಿತು. ಒಂದು ಮೊತ್ತ ಊಹಿಸಿದರೆ ಇನ್ನೊಂದು ಕೈಗೆ ಬಂದ ಹಾಗೆ.

ಇದು ಬರೀ ಕಾಗದದ ಲೆಕ್ಕವಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಒಕ್ಕೂಟ ಒಂದೇ ಬಾರಿ ಬಳಸಬೇಕಾದ ಇಂಥ ಕೀಲಿಕೈ ಪುಟಗಳನ್ನು ಅಚ್ಚು ಹಾಕಿಸುತ್ತಿತ್ತು. 1942ರ ಆರಂಭದಲ್ಲಿ, ಜರ್ಮನ್ನರು ಮಾಸ್ಕೋ ಬಾಗಿಲಿಗೆ ಬಂದಿದ್ದ ಆ ಒತ್ತಡದ ದಿನಗಳಲ್ಲಿ, ಸಾವಿರಾರು ಪುಟಗಳು ಎರಡೆರಡು ಪ್ರತಿಗಳಾಗಿ ಹೊರಬಂದು ಬೇರೆ ಬೇರೆ ಕಚೇರಿಗಳಿಗೆ ಹೋದವು. 1943ರ ಫೆಬ್ರವರಿಯಲ್ಲಿ ಅಮೆರಿಕದ ಸೇನೆ ತಾನು ಹಿಡಿದಿಟ್ಟಿದ್ದ ಸೋವಿಯತ್ ತಂತಿ ಸಂದೇಶಗಳ ರಾಶಿಯ ಮುಂದೆ ಜೀನ್ ಗ್ರಾಬೀಲ್ ಎಂಬ ಯುವತಿಯನ್ನು ಕೂರಿಸಿತು. ಆಕೆಯೂ ನಿಮ್ಮಂತೆ ಶಾಲಾ ಶಿಕ್ಷಕಿ, ಕೆಲಸ ಬಿಟ್ಟು ಬಂದವರು. ಅಲ್ಲಿಂದ ಶುರುವಾದ ‘ವೆನೋನಾ’ ಕಾರ್ಯಾಚರಣೆ 1980ರವರೆಗೂ ನಡೆದು, ಸುಮಾರು 3000 ಸಂದೇಶಗಳನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ ಬಿಡಿಸಿತು. ಅಣುಬಾಂಬ್ ಯೋಜನೆಯೊಳಗಿನ ಗೂಢಚಾರ ಕ್ಲಾಸ್ ಫುಕ್ಸ್ ಸಿಕ್ಕಿಬಿದ್ದದ್ದು ಇದರಿಂದಲೇ. ಬೀಗದಲ್ಲಿ ಕುಂದಿರಲಿಲ್ಲ. ಬೇಕಾದಷ್ಟು ಕೀಲಿಕೈಗಳನ್ನು ತಯಾರಿಸಿ ಹಂಚುವ ಕೆಲಸ ಮುದ್ರಣಾಲಯದ ಕೈಮೀರಿತ್ತು.

ಇನ್ನೊಂದು ಕುಂದನ್ನೂ ಇಲ್ಲೇ ತೋರಿಸಿಬಿಡುತ್ತೇನೆ. ನಿಮ್ಮ 3317ನ್ನು ನಡುದಾರಿಯಲ್ಲಿ ಹಿಡಿದವನು ಓದಲಾರ, ಆದರೆ ತಿದ್ದಬಲ್ಲ. ಮೊದಲ ಅಂಕಿಗೆ 4 ಕೂಡಿಸಿ 7317 ಎಂದು ಮುಂದೆ ಕಳಿಸಿದರೆ ಮಗಳ ಕೈಯಲ್ಲಿ ಅದು 9000 ಆಗುತ್ತದೆ. ಕೀಲಿಕೈ ಗೊತ್ತಿಲ್ಲದೆಯೇ ಲೆಕ್ಕ ಕೆಡಿಸಿದ! ಆದ್ದರಿಂದ ಇಂದಿನ ವ್ಯವಸ್ಥೆಗಳು ಪ್ರತಿ ಸಂದೇಶದ ಬಾಲಕ್ಕೆ ಒಂದು ಮುದ್ರೆ ಸೇರಿಸುತ್ತವೆ. ಸಂದೇಶ ಮತ್ತು ಕೀಲಿಕೈ ಎರಡನ್ನೂ ಅರೆದು ತೆಗೆದ ಸಂಖ್ಯೆ ಅದು. ಒಂದಂಕಿ ತಿದ್ದಿದರೂ ಮುದ್ರೆ ಹೊಂದುವುದಿಲ್ಲ, ಹೊಸ ಮುದ್ರೆ ಒತ್ತಲು ಕಳ್ಳನಲ್ಲಿ ಕೀಲಿಕೈ ಇಲ್ಲ. ಓದಲಾಗದಂತೆ ಮಾಡುವುದಕ್ಕಿಂತ ಇದು ಮುಖ್ಯ ಎಂದು ನಾನು ವಾದಿಸುತ್ತೇನೆ. ನಿಮ್ಮ ಖಾತೆಯಲ್ಲಿ ಎಷ್ಟಿದೆಯೆಂದು ನೆರೆಯವನಿಗೆ ಗೊತ್ತಾದರೆ ಮುಜುಗರ, ಅದನ್ನು ಅವನು ತಿದ್ದಿದರೆ ದಿವಾಳಿ.

ಎಇಎಸ್‌ನಂಥ ಬೀಗ ಸಂದೇಶದಷ್ಟೇ ಉದ್ದದ ಕೀಲಿಕೈ ಕೇಳುವುದಿಲ್ಲ, 128 ಬಿಟ್‌ಗಳ, ಅಂದರೆ 0 ಅಥವಾ 1 ಆಗಿರುವ 128 ಅಂಕಿಗಳ, ಒಂದೇ ಸಂಖ್ಯೆ ಸಾಕು. ಬದಲಿಗೆ ಶಾನನ್‌ನ ಪೂರ್ಣ ಭರವಸೆ ಬಿಟ್ಟುಕೊಡುತ್ತೇವೆ: ಎಲ್ಲ ಕೀಲಿಕೈಗಳನ್ನೂ ಒಂದೊಂದಾಗಿ ತಿರುವಿ ನೋಡುವವನಿಗೆ ಎಂದೋ ಸಿಕ್ಕೇ ಸಿಗುತ್ತದೆ. ಎಂದೋ ಎಂದರೆ ಎಂದು? ಎಇಎಸ್‌ಗಿಂತ ಹಿಂದಿನ ಡಿಇಎಸ್ ಬೀಗಕ್ಕೆ 56 ಬಿಟ್‌ಗಳ ಕೀಲಿಕೈ ಇತ್ತು. 1998ರಲ್ಲಿ ಅಮೆರಿಕದ ಒಂದು ನಾಗರಿಕ ಹಕ್ಕುಗಳ ಸಂಸ್ಥೆ ಎರಡೂವರೆ ಲಕ್ಷ ಡಾಲರ್‌ಗೂ ಕಡಿಮೆ ಖರ್ಚಿನ ಯಂತ್ರದಿಂದ ಅದನ್ನು 56 ಗಂಟೆಗಳಲ್ಲಿ ತೆರೆದು ತೋರಿಸಿತು. ಅದಕ್ಕಿಂತ ನೂರು ಕೋಟಿ ಪಟ್ಟು ವೇಗದ ಯಂತ್ರ ತಂದರೂ 128 ಬಿಟ್‌ಗಳಲ್ಲಿ ಅದೇ ಪಾಲನ್ನು ತಿರುವಲು ಸುಮಾರು 3000 ಕೋಟಿ ವರ್ಷ ಬೇಕು. ಬ್ರಹ್ಮಾಂಡದ ವಯಸ್ಸು 1380 ಕೋಟಿ. ಹಾಗಾಗಿ ಬುದ್ಧಿ ಇರುವ ಕಳ್ಳ ಬೀಗವನ್ನು ಮುಟ್ಟುವುದಿಲ್ಲ, ಕೀಲಿಕೈ ಯಾವ ದಾರಿಯಲ್ಲಿ ಬಂತು ಎಂದು ಹುಡುಕುತ್ತಾನೆ. ನೀವೂ ಅದನ್ನೇ ಕೇಳಿದ್ದೀರಿ.

ಮೊದಲ ದಾರಿ ಹಳೆಯದೇ: ಕೈಯಿಂದ ಕೈಗೆ. ಇದು ಇತಿಹಾಸವಾಯಿತು ಎಂದುಕೊಳ್ಳಬೇಡಿ, ನಿಮ್ಮ ಮೊಬೈಲ್‌ನಲ್ಲೇ ಇದೆ. ಸಿಮ್ ಕಾರ್ಡಿನೊಳಗೆ ರಹಸ್ಯ ಸಂಖ್ಯೆಯೊಂದನ್ನು ತಯಾರಿಕೆಯ ಹಂತದಲ್ಲೇ ಬರೆದಿರುತ್ತಾರೆ, ಅದರ ಪ್ರತಿ ಮೊಬೈಲ್ ಕಂಪನಿಯ ಕೇಂದ್ರದಲ್ಲಿರುತ್ತದೆ. ಸಿಮ್ ಕೊಳ್ಳಲು ಅಂಗಡಿಗೆ ಹೋದಿರಲ್ಲ, ಕೀಲಿಕೈ ನಿಮ್ಮ ಕೈಸೇರಿದ ಗಳಿಗೆ ಅದೇ. ಅದು ಮುಂದೆಂದೂ ಗಾಳಿಯಲ್ಲಿ ಹೋಗುವುದಿಲ್ಲ. ನೀವು ಮೊಬೈಲ್ ಚಾಲೂ ಮಾಡಿದಾಗ ಜಾಲ ಒಂದು ಮನಬಂದ ಸಂಖ್ಯೆ ಕಳಿಸುತ್ತದೆ. ಸಿಮ್ ಅದನ್ನು ತನ್ನ ಕೀಲಿಕೈಯೊಂದಿಗೆ ಅರೆದು ಬಂದ ಫಲಿತಾಂಶವನ್ನಷ್ಟೇ ವಾಪಸ್ ಕೊಡುತ್ತದೆ. ಕೇಂದ್ರವೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಅದೇ ಅರೆತದಿಂದ ಮಾತನ್ನು ಕಲಸಲು ಬೇಕಾದ ತಾತ್ಕಾಲಿಕ ಕೀಲಿಕೈಯೂ ಹುಟ್ಟುತ್ತದೆ. ಎರಡನೇ ಪೀಳಿಗೆಯ ಜಾಲದಲ್ಲಿ ಒಂದು ಎಡವಟ್ಟಿತ್ತು: ಮೊಬೈಲ್ ತಾನು ಯಾರೆಂದು ಜಾಲಕ್ಕೆ ಸಾಬೀತುಪಡಿಸುತ್ತಿತ್ತು, ಜಾಲ ತಾನು ಯಾರೆಂದು ಮೊಬೈಲ್‌ಗೆ ಸಾಬೀತುಪಡಿಸುತ್ತಿರಲಿಲ್ಲ. ನಕಲಿ ಟವರ್ ನಿಲ್ಲಿಸಿ ಮಾತು ಕದಿಯುವವರಿಗೆ ಅದೇ ಬಾಗಿಲಾಯಿತು. ಮೂರನೇ ಪೀಳಿಗೆಯಿಂದ ಎರಡೂ ಕಡೆಯವರು ಗುರುತು ತೋರಿಸುವ ಏರ್ಪಾಡಾಯಿತು. (ನಿಮ್ಮ ಹೆಸರಿನಲ್ಲಿ ಬೇರೊಬ್ಬ ಹೊಸ ಸಿಮ್ ಪಡೆದು ಮೋಸ ಮಾಡುವ ಸುದ್ದಿ ಓದಿರುತ್ತೀರಿ. ಅಲ್ಲಿ ಯಾರೂ ಗೂಢಲಿಪಿಯನ್ನು ಮುರಿದಿರುವುದಿಲ್ಲ, ಕೌಂಟರಿನಲ್ಲಿ ಕೂತವರು ಕೀಲಿಕೈಯನ್ನು ಬೇರೆಯವನ ಕೈಗೆ ಕೊಟ್ಟಿರುತ್ತಾರೆ.)

ಆದರೆ ಎಲ್ಲಕ್ಕೂ ಅಂಗಡಿಗೆ ಹೋಗಲಾದೀತೇ? ನಲವತ್ತು ಜನರ ಶಾಲೆಯಲ್ಲಿ ಪ್ರತಿ ಇಬ್ಬರಿಗೂ ಬೇರೆ ಕೀಲಿಕೈ ಬೇಕೆಂದರೆ 780 ಕೀಲಿಕೈಗಳು. ಇಡೀ ಅಂತರ್ಜಾಲಕ್ಕೆ ಈ ಲೆಕ್ಕ ಹಿಡಿಯುವುದೇ ಬೇಡ. ಮಗಳ ಮೊಬೈಲ್ ಮತ್ತು ಬ್ಯಾಂಕಿನ ಕಂಪ್ಯೂಟರ್ ಪ್ರತಿ ಸಲವೂ ಅಪರಿಚಿತರಂತೆ ಭೇಟಿಯಾಗುತ್ತವೆ, ಅದೂ ಎಲ್ಲರೂ ಕೇಳಿಸಿಕೊಳ್ಳುವ ಬಯಲಲ್ಲಿ.

1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಪ್ರಕಟಿಸಿದ ಉಪಾಯ ಇದಕ್ಕೇ. ಇದನ್ನು ವಿವರಿಸಲು ಸಾಮಾನ್ಯವಾಗಿ ಬಣ್ಣ ಕಲಸುವ ಉದಾಹರಣೆ ಕೊಡುತ್ತಾರೆ. ಗಣಿತ ಶಿಕ್ಷಕಿಗೆ ಬಣ್ಣ ತೋರಿಸುವುದು ಅಪಚಾರ, ಅಂಕಿಗಳನ್ನೇ ಕೊಡುತ್ತೇನೆ.

ಅವಿಭಾಜ್ಯ ಸಂಖ್ಯೆ 29 ಮತ್ತು ಆಧಾರ ಸಂಖ್ಯೆ 2, ಇವೆರಡನ್ನೂ ಊರಿಗೆಲ್ಲ ಡಂಗುರ ಹೊಡೆಸಿ. ನೀವು ಮನಸ್ಸಿನಲ್ಲೇ 7ನ್ನು ಆರಿಸಿ, ಯಾರಿಗೂ ಹೇಳಬೇಡಿ. 2ರ 7ನೇ ಘಾತ 128, ಅದನ್ನು 29ರಿಂದ ಭಾಗಿಸಿದರೆ ಶೇಷ 12. ಈ 12ನ್ನು ಬಯಲಲ್ಲಿ ಕೂಗಿ ಹೇಳಿ. ಮಗಳು ಮನಸ್ಸಿನಲ್ಲಿ 11 ಆರಿಸಿದ್ದಾಳೆ. 2ರ 11ನೇ ಘಾತ 2048, ಶೇಷ 18. ಅವಳೂ 18ನ್ನು ಕೂಗಿ ಹೇಳುತ್ತಾಳೆ. ಈಗ ನೀವು ಅವಳ 18ನ್ನು ನಿಮ್ಮ 7ನೇ ಘಾತಕ್ಕೆ ಏರಿಸಿ. 18ರ ವರ್ಗ 324, ಶೇಷ 5. ಅದರ ವರ್ಗ 25, ಇದು 4ನೇ ಘಾತ. ಅದನ್ನು ಮತ್ತೆ 5ರಿಂದ ಗುಣಿಸಿದರೆ 125, ಶೇಷ 9, ಇದು 6ನೇ ಘಾತ. ಇನ್ನೊಮ್ಮೆ 18ರಿಂದ ಗುಣಿಸಿದರೆ 162, ಶೇಷ 17. ಅತ್ತ ಮಗಳು ನಿಮ್ಮ 12ನ್ನು 11ನೇ ಘಾತಕ್ಕೆ ಏರಿಸುತ್ತಾಳೆ. 12ರ ವರ್ಗ 144, ಶೇಷ 28, ಅಂದರೆ ಋಣ 1 ಎಂದೇ ಹಿಡಿಯಬಹುದು. ಹತ್ತನೇ ಘಾತವೂ ಋಣ 1, ಹನ್ನೊಂದನೆಯದು ಋಣ 12, ಅದು 29ರ ಲೆಕ್ಕದಲ್ಲಿ 17. ಇಬ್ಬರಿಗೂ 17! ಇದು 2ರ 77ನೇ ಘಾತದ ಶೇಷ, ಘಾತಗಳನ್ನು ಯಾರು ಮೊದಲು ಗುಣಿಸಿದರೂ 77 ಒಂದೇ. ಬಯಲಲ್ಲಿ ಕೇಳಿಸಿದ್ದು 29, 2, 12, 18 ಮಾತ್ರ. 17ನ್ನು ಯಾರೂ ಉಚ್ಚರಿಸಲಿಲ್ಲ.

ಇಲ್ಲಿದೆ ನಿಮ್ಮ ಪ್ರಶ್ನೆಗೆ ಉತ್ತರ. ಕೀಲಿಕೈ ಗಾಳಿಯಲ್ಲಿ ಹೋಗಲೇ ಇಲ್ಲ. ಅದು ಎರಡೂ ತುದಿಯಲ್ಲಿ ಏಕಕಾಲಕ್ಕೆ ಹುಟ್ಟಿತು.

12 ಎಂಬ ಶೇಷದಿಂದ 7 ಎಂಬ ಘಾತಕ್ಕೆ ಹಿಂದಿರುಗುವುದು 29ರ ಮಟ್ಟದಲ್ಲಿ ಐದು ನಿಮಿಷದ ಕೆಲಸ, ಎಲ್ಲ ಘಾತಗಳ ಪಟ್ಟಿ ಬರೆದರೆ ಮುಗಿಯಿತು. 29ರ ಜಾಗದಲ್ಲಿ 617 ಅಂಕಿಗಳ ಅವಿಭಾಜ್ಯ ಸಂಖ್ಯೆ ಇಟ್ಟುಕೊಳ್ಳಿ. ಮುಂದಕ್ಕೆ ಹೋಗಲು, ನಾವೀಗ ಮಾಡಿದಂತೆ ವರ್ಗ ಮಾಡುತ್ತಾ ಹೋದರೆ, ಮೂರು ಸಾವಿರದಷ್ಟು ಗುಣಾಕಾರ ಸಾಕು, ಕಂಪ್ಯೂಟರಿಗೆ ಅದು ಚಿಟಿಕೆ ಹೊಡೆದಷ್ಟು. ಹಿಂದಕ್ಕೆ ಬರಲು ಕಾರ್ಯಸಾಧ್ಯವಾದ ದಾರಿ ಇಂದಿನ ಕಂಪ್ಯೂಟರುಗಳಿಗೆ ಗೊತ್ತಿಲ್ಲ. ಅಂಥ ದಾರಿ ಇಲ್ಲವೇ ಇಲ್ಲ ಎಂದು ಯಾರೂ ಸಾಧಿಸಿಲ್ಲ ಎಂಬುದನ್ನು ಮುಚ್ಚಿಡಬಾರದು. ಐವತ್ತು ವರ್ಷದಿಂದ ಹುಡುಕಿದವರಿಗೆ ಸಿಕ್ಕಿಲ್ಲ, ಅಷ್ಟೇ ನಮ್ಮ ಧೈರ್ಯ. ಈಗಿನ ಮೊಬೈಲ್‌ಗಳು ಹೆಚ್ಚಾಗಿ ಇದೇ ಲೆಕ್ಕವನ್ನು ದೀರ್ಘವೃತ್ತೀಯ ವಕ್ರರೇಖೆಗಳ ಮೇಲೆ ಮಾಡುತ್ತವೆ, ಸಂಖ್ಯೆಗಳು ಚಿಕ್ಕವಾಗಿದ್ದರೂ ಸಾಕಾಗುತ್ತದೆ.

ಇದನ್ನು ಮೊದಲು ಕಂಡವರು ಯಾರು ಎಂಬುದೂ ಒಂದು ಕಥೆ. ರಾಲ್ಫ್ ಮರ್ಕಲ್ ಎಂಬ ವಿದ್ಯಾರ್ಥಿ 1974ರಲ್ಲೇ ಬರ್ಕ್ಲಿಯಲ್ಲಿ ಇಂಥದೊಂದು ಯೋಜನೆ ಮುಂದಿಟ್ಟಿದ್ದ. ಅಧ್ಯಾಪಕರಿಗೆ ಅದು ಹಿಡಿಸದೆ ಆತ ಆ ತರಗತಿಯನ್ನೇ ಬಿಟ್ಟ. ಅದಕ್ಕೂ ಮುಂಚೆ ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಜೇಮ್ಸ್ ಎಲ್ಲಿಸ್ ಮೊದಲೇ ಕೀಲಿಕೈ ಹಂಚಿಕೊಳ್ಳದೆಯೂ ಗುಟ್ಟು ಕಳಿಸಬಹುದೆಂಬ ವಿಚಾರವನ್ನು 1970ರಲ್ಲಿ ಬರೆದಿದ್ದರು. ಅಲ್ಲಿನ ಮಾಲ್ಕಮ್ ವಿಲಿಯಮ್‌ಸನ್ 1974ರಲ್ಲಿ ನಾವು ಮೇಲೆ ಮಾಡಿದ ಲೆಕ್ಕಕ್ಕೇ ತಲುಪಿದ್ದರು. ಗುಟ್ಟು ಕಾಪಾಡುವವರ ಗುಟ್ಟು ಅದು, ಸಂಸ್ಥೆ ಬಾಯಿ ಬಿಟ್ಟಿದ್ದು 1997ರ ಡಿಸೆಂಬರ್‌ನಲ್ಲಿ. ಎಲ್ಲಿಸ್ ತೀರಿಕೊಂಡು ಆಗ ಒಂದು ತಿಂಗಳೂ ಆಗಿರಲಿಲ್ಲ.

ಇಷ್ಟಾದರೂ ಒಂದು ತೂತು ಉಳಿಯಿತು, ನೀವು ಗಮನಿಸಿರಬಹುದು. 18 ಎಂದು ಕೂಗಿದವಳು ಮಗಳೇ ಎಂದು ನಿಮಗೆ ಹೇಗೆ ಗೊತ್ತು? ನಡುವೆ ನಿಂತವನೊಬ್ಬ ನಿಮ್ಮೊಡನೆ ಮಗಳಂತೆಯೂ ಮಗಳೊಡನೆ ನಿಮ್ಮಂತೆಯೂ ಲೆಕ್ಕ ಮಾಡಿದರೆ ಅವನ ಬಳಿ ಎರಡು ಕೀಲಿಕೈಗಳಿರುತ್ತವೆ. ಒಂದರಿಂದ ಬಿಚ್ಚಿ ಓದಿ, ಇನ್ನೊಂದರಿಂದ ಮುಚ್ಚಿ ಮುಂದೆ ಕಳಿಸುತ್ತಾನೆ. ಗಣಿತದಲ್ಲಿ ಎಲ್ಲೂ ತಪ್ಪಿರುವುದಿಲ್ಲ. ಇದಕ್ಕೆ ಪರಿಹಾರ ಗುರುತಿನ ಚೀಟಿ. ಬ್ಯಾಂಕ್ ತನ್ನ ಶೇಷದ ಜೊತೆ ಒಂದು ಡಿಜಿಟಲ್ ಸಹಿಯನ್ನೂ, ಆ ಸಹಿ ತನ್ನದೇ ಎಂದು ಮೂರನೆಯವರೊಬ್ಬರು ದೃಢೀಕರಿಸಿದ ಪ್ರಮಾಣಪತ್ರವನ್ನೂ ಕಳಿಸುತ್ತದೆ. ಅಂಥ ಮೂರನೆಯವರ ಪಟ್ಟಿ ಮೊಬೈಲ್ ಕೊಂಡಾಗಲೇ ಅದರೊಳಗೆ ಇರುತ್ತದೆ. ಮತ್ತೆ ಬಂದೆವಲ್ಲ ಅಂಗಡಿಗೇ! ನಂಬಿಕೆಯ ಮೊದಲ ಕಂತನ್ನು ಎಲ್ಲಾದರೂ ಒಂದು ಕಡೆ ಕೈಯಿಂದ ಕೈಗೇ ಪಡೆಯಬೇಕು. ಬ್ರೌಸರ್ ‘ಈ ತಾಣ ಸುರಕ್ಷಿತವಲ್ಲ’ ಎಂದು ಕೆಂಪು ಎಚ್ಚರಿಕೆ ಕೊಟ್ಟಾಗ ‘ಮುಂದುವರಿಯಿರಿ’ ಒತ್ತಬಾರದು ಎನ್ನುವುದು ಈ ಕಾರಣಕ್ಕೆ.

ವಾಟ್ಸ್‌ಆ್ಯಪ್‌ನಲ್ಲಿ ಇದನ್ನು ನೀವೇ ಪರೀಕ್ಷಿಸಬಹುದು. ಮಗಳ ಹೆಸರಿನ ಮೇಲೆ ಒತ್ತಿ, ಎನ್‌ಕ್ರಿಪ್ಷನ್ ಎಂಬ ಸಾಲು ತೆರೆದರೆ 60 ಅಂಕಿಗಳು ಕಾಣುತ್ತವೆ. ಅವಳ ಮೊಬೈಲ್‌ನಲ್ಲಿ ನಿಮ್ಮ ಹೆಸರಿನಡಿ ಅದೇ 60 ಅಂಕಿಗಳಿರಬೇಕು. ಮುಂದಿನ ಸಲ ಊರಿಗೆ ಬಂದಾಗ ಇಬ್ಬರೂ ಪಕ್ಕಪಕ್ಕ ಕೂತು ತಾಳೆ ನೋಡಿ. ಹೊಂದಿದರೆ ನಡುವೆ ಯಾರೂ ಇಲ್ಲ.

ಈಗ ರೈಲು ನಿಲ್ದಾಣಕ್ಕೆ ಬರೋಣ. ಅಲ್ಲಿನ ವೈಫೈ ಪೂರ್ತಿ ತೆರೆದಿದ್ದರೂ ಮಗಳ ಬ್ಯಾಂಕ್ ವ್ಯವಹಾರ ಮೇಲೆ ಹೇಳಿದ ಎಲ್ಲ ಹಂತಗಳನ್ನೂ ಹಾದೇ ಹೋಗುತ್ತದೆ: ಮೊದಲು ಬಯಲಲ್ಲಿ ಶೇಷಗಳ ವಿನಿಮಯ ಮತ್ತು ಸಹಿಯ ಪರೀಕ್ಷೆ, ಅಲ್ಲಿಂದ ಮುಂದೆ ಎಇಎಸ್ ಅಥವಾ ಅಂಥದೇ ಬೀಗ, ಪ್ರತಿ ತುಣುಕಿಗೂ ಮುದ್ರೆ. ಪಕ್ಕದ ಬೆಂಚಿನವನು ನೋಡಬಹುದಾದದ್ದು ಯಾವ ಬ್ಯಾಂಕಿನ ತಾಣ, ಎಷ್ಟು ಹೊತ್ತು, ಎಷ್ಟು ಮಾಹಿತಿ ಹರಿಯಿತು ಎಂಬಷ್ಟೇ. ಅದೂ ಗುಟ್ಟಾಗಿರಬೇಕೆನ್ನುವವರಿಗೆ ಇದು ಸಾಲದು. ಬ್ಯಾಂಕಿನ ವ್ಯವಹಾರಕ್ಕೆ ಸಾಕು. ಮಗಳ ಮಾತು ಸರಿಯೇ ಇದೆ.

ವೈಫೈ ಪಾಸ್‌ವರ್ಡ್ ಇದ್ದರೆ ಭದ್ರ ಎಂದು ನಂಬಿರುವವರಿಗೆ ಮಾತ್ರ ನಾನು ಬೇಸರದ ಸುದ್ದಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಕಚೇರಿಗೆ ಸಲಹೆಗೆಂದು ಹೋಗಿದ್ದೆ. ವೈಫೈ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಏಕಾದಶಿಯ ಚೌಕದಲ್ಲಿ ನೀಲಿ ಶಾಯಿಯಿಂದ ಬರೆದಿದ್ದರು, ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದರು. ಬಹುತೇಕ ಕಡೆ ಇನ್ನೂ ಬಳಕೆಯಲ್ಲಿರುವ ಡಬ್ಲ್ಯೂಪಿಎ2 ಎಂಬ ವೈಫೈ ಭದ್ರತಾ ಪದ್ಧತಿಯಲ್ಲಿ ಆ ಪಾಸ್‌ವರ್ಡೇ ಎಲ್ಲರೂ ಹಂಚಿಕೊಂಡ ಕೀಲಿಕೈಯ ಬೇರು. ಅದು ಗೊತ್ತಿರುವ ಯಾರೇ ಆಗಲಿ, ನಿಮ್ಮ ಮೊಬೈಲ್ ಜಾಲಕ್ಕೆ ಸೇರುವ ಗಳಿಗೆಯ ನಾಲ್ಕು ಸಂದೇಶಗಳನ್ನು ಹಿಡಿದರೆ ನಿಮ್ಮ ಆ ಹೊತ್ತಿನ ಕೀಲಿಕೈಯನ್ನು ಲೆಕ್ಕ ಹಾಕಬಲ್ಲ. ನೂರು ಜನರ ಬಳಿ ಇರುವ ಗುಟ್ಟು ಆ ನೂರು ಜನರಿಂದ ನಿಮ್ಮನ್ನು ಕಾಯುವುದಿಲ್ಲ. 2018ರಲ್ಲಿ ಬಂದ ಡಬ್ಲ್ಯೂಪಿಎ3 ಇದನ್ನು ಸರಿಪಡಿಸಿತು, ಡಿಫಿ-ಹೆಲ್ಮನ್ ಬಗೆಯ ಲೆಕ್ಕವನ್ನು ಪಾಸ್‌ವರ್ಡಿನ ಜೊತೆ ಹೆಣೆದು.

ಕಳ್ಳ ಇಂದು ಓದಲಾಗದ್ದನ್ನು ರೆಕಾರ್ಡ್ ಮಾಡಿಟ್ಟು ಹತ್ತು ವರ್ಷದ ಮೇಲೆ ಬ್ಯಾಂಕಿನ ಕಂಪ್ಯೂಟರಿಗೆ ಕನ್ನ ಹಾಕಿದರೆ? ಇದಕ್ಕೆ ಉತ್ತರ, ನಿಮ್ಮ 7 ಮತ್ತು ಮಗಳ 11ನ್ನು ಆಯಾ ಮಾತುಕತೆ ಮುಗಿದೊಡನೆ ಅಳಿಸಿಬಿಡುವುದು. ಬ್ರೌಸರ್ ಮತ್ತು ತಾಣದ ನಡುವಿನ ಗುಟ್ಟಿನ ಸಂಪರ್ಕಕ್ಕೆಂದು ಬಂದ 2018ರ ಟಿಎಲ್ಎಸ್ 1.3 ಎಂಬ ಮಾನದಂಡ, ಪ್ರಮಾಣಪತ್ರ ಬಳಸುವ ಇಂಥ ಸಂಪರ್ಕಗಳಲ್ಲಿ ಪ್ರತಿ ಭೇಟಿಗೂ ಹೊಸ ಸಂಖ್ಯೆಯನ್ನೇ ಕೇಳುತ್ತದೆ. ಕ್ವಾಂಟಮ್ ಕಂಪ್ಯೂಟರ್ ಬೇರೆ ಮಾತು. ಸಾಕಷ್ಟು ದೊಡ್ಡದೊಂದು ತಯಾರಾದರೆ ಶೇಷದಿಂದ ಘಾತಕ್ಕೆ ಮರಳುವ ದಾರಿ ಅದಕ್ಕೆ ಸುಲಭವೆಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಅದಕ್ಕಾಗಿ ಬೇರೆ ಗಣಿತದ ಮೇಲೆ ನಿಂತ ಕೀಲಿಕೈ ಒಪ್ಪಂದದ ಮಾನದಂಡವೊಂದು 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಹೊರಬಂದಿದೆ, ಬ್ರೌಸರ್‌ಗಳು ಅದನ್ನು ಹಳೆಯದರ ಜೊತೆಗೂಡಿಸಿ ಬಳಸತೊಡಗಿವೆ. ಎಇಎಸ್‌ಗೆ ಅಷ್ಟು ಭಯವಿಲ್ಲ, 256 ಬಿಟ್‌ಗಳ ಕೀಲಿಕೈ ಬಳಸಿದರೆ ಆಯಿತು.

ಕೊನೆಗೊಂದು ಮನೆಗೆಲಸ. ಅದೇ 29, ಅದೇ 2. ನಾನೊಂದು ಘಾತ ಆರಿಸಿಕೊಂಡಿದ್ದೇನೆ, ನನ್ನ ಶೇಷ 10. ನೀವೂ ಒಂದನ್ನು ಆರಿಸಿ, ನಿಮ್ಮ ಶೇಷವನ್ನು ಬರೆದು ಕಳಿಸಿ. ಅಂಚೆ ಕಾರ್ಡಿನಲ್ಲೇ ಬರೆಯಬಹುದು, ಅಂಚೆಯಣ್ಣ ಓದಿದರೂ ಅಡ್ಡಿಯಿಲ್ಲ. 28 ಸಾಲಿನ ಪಟ್ಟಿ ಬರೆದು ನೋಡುವಷ್ಟು ಪುರಸೊತ್ತು ಅವನಿಗೆ ಇರದಿದ್ದರೆ ಸರಿ.